ಪೌಲಿಂಗ್ ಕತೆಗೆ ಜಮೈಕಾದ ತಕರಾರು

ಸಿಕಲ್ ಸೆಲ್ ಕಾಯಿಲೆಯ ಚರಿತ್ರೆಯನ್ನು ಯಾರೇ ಬರೆಯಲಿ, ಮೈಲಿಗಲ್ಲುಗಳು ಮಾತ್ರ ಅವೇ. 1910ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್, ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ತರುಣನೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿವೆಯೆಂದು ಬರೆದದ್ದು. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಇದು ಹಿಮೋಗ್ಲೋಬಿನ್ ಅಣುವಿನ ಕಾಯಿಲೆ ಎಂದು ಸಾರಿದ್ದು. 1954ರಲ್ಲಿ ಆಂಟನಿ ಆಲಿಸನ್ ಮಲೇರಿಯಾದ ನಂಟನ್ನು ತೋರಿಸಿದ್ದು. 1956ರಲ್ಲಿ ವರ್ನನ್ ಇಂಗ್ರಾಮ್ ಆ ಅಣುವಿನಲ್ಲಿ ಬದಲಾಗಿರುವುದು ಒಂದೇ ಒಂದು ಅಮೈನೋ ಆಮ್ಲದಷ್ಟು ಎಂದು ಪತ್ತೆ ಹಚ್ಚಲು ತೊಡಗಿದ್ದು. ಅಲ್ಲಿಂದ ಒಂದೇ ನೆಗೆತಕ್ಕೆ 2023: ಜೀನ್ ಸಂಪಾದನೆಯ ಚಿಕಿತ್ಸೆಗೆ ಬ್ರಿಟನ್ನೂ ಅಮೆರಿಕವೂ ಒಪ್ಪಿಗೆ ಕೊಟ್ಟದ್ದು. ವಿಜ್ಞಾನ ಲೇಖಕರಿಗೆ ಬಲು ಪ್ರಿಯವಾದ ಕತೆ ಇದು, ಕಾರಣವೂ ಉಂಟು. ಒಂದು ತಪ್ಪು, ಒಂದು ಕಾಯಿಲೆ, ಒಂದು ತಿದ್ದುಪಡಿ. ಇಷ್ಟು ಚೊಕ್ಕವಾದ ಕಥನ ವೈದ್ಯಕೀಯದಲ್ಲಿ ಇನ್ನೊಂದಿಲ್ಲ.

ಈ ಸಾಲಿನಲ್ಲಿ ವೈದ್ಯ ಗ್ರಹಾಂ ಸಾರ್ಜೆಂಟ್ ಅವರ ಹೆಸರು ಬರುವುದಿಲ್ಲ. ಬಂದರೆ, ಅಣುವಿಜ್ಞಾನಿಗಳ ದೊಡ್ಡ ಸಾಧನೆಯ ಕೊನೆಯಲ್ಲಿ ‘ರೋಗಿಗಳ ಆರೈಕೆಗೂ ಶ್ರಮಿಸಿದವರು’ ಎಂಬ ಪಟ್ಟಿಯಲ್ಲಿ ಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಸಾರ್ಜೆಂಟ್ ಜಮೈಕಾದಲ್ಲಿ ಮೂರು ದಶಕ ಮಾಡಿದ ಕೆಲಸ ಪೌಲಿಂಗ್ ಕತೆಗೆ ಬಾಲಂಗೋಚಿಯಲ್ಲ, ಅದಕ್ಕೆ ಎದುರು ವಾದ. ಆ ವಾದ ನಮಗೆ ಕೇಳಿಸಿಲ್ಲ. ಕೇಳಿಸದೇ ಹೋದದ್ದರ ಫಲ ಈಗ ಭಾರತದ ಬುಡಕಟ್ಟು ಜಿಲ್ಲೆಗಳಲ್ಲಿ ಕಾಣುತ್ತಿದೆ. ಇನ್ನೂ ಒಂದು ಮಾತು: ಆ ವಾದವನ್ನು ಭಾರತದ ಮಟ್ಟಿಗೆ ಸ್ವತಃ ಸಾರ್ಜೆಂಟ್ ಕೊನೆಯವರೆಗೆ ಎಳೆಯಲಿಲ್ಲ ಎಂಬುದು ನನ್ನ ಆಕ್ಷೇಪ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಣುವಿನ ಕತೆ ಏನನ್ನು ವಿವರಿಸುತ್ತದೆ, ಏನನ್ನು ವಿವರಿಸುವುದಿಲ್ಲ ಎಂಬುದು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಎಸ್ ಒಂದಕ್ಕೊಂದು ಅಂಟಿ ಎಳೆಗಟ್ಟುತ್ತದೆ, ಕಣ ಬಾಗುತ್ತದೆ, ಗಡಸಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ ಯಾಕೆ ಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಆದರೆ ತಾಯಿತಂದೆ ಇಬ್ಬರಿಂದಲೂ ಅದೇ ಜೀನ್ ಪಡೆದ ಒಂದು ಮಗು ಹತ್ತು ತಿಂಗಳಿಗೆ ಸಾಯುತ್ತದೆ, ಇನ್ನೊಂದು ಮಗು ಬೆಳೆದು ಮೊಮ್ಮಕ್ಕಳನ್ನು ಕಾಣುತ್ತದೆ. ಅಣು ಅದೇ, ತಪ್ಪೂ ಅದೇ. ಈ ಅಂತರದ ಮುಂದೆ ಅಣುವಿನ ಕತೆಗೆ ಮಾತು ನಿಲ್ಲುತ್ತದೆ. ಮನೆಯವರಿಗೂ ವೈದ್ಯರಿಗೂ ಬೇಕಾದದ್ದು ಈ ಅಂತರದ ವಿವರಣೆಯೇ.

ಸಾರ್ಜೆಂಟ್ ಇಂಗ್ಲೆಂಡಿನಿಂದ ಜಮೈಕಾಕ್ಕೆ ಹೋದದ್ದು 1966ರಲ್ಲಿ. ಸಿಕಲ್ ಸೆಲ್ ರೋಗಿಗಳು ಬಾಲ್ಯದಲ್ಲೇ ಹೋಗುತ್ತಾರೆ, ಹದಿಹರೆಯ ದಾಟುವವರು ಅಪರೂಪ ಎಂಬುದು ಆಗಿನ ಪಠ್ಯಪುಸ್ತಕಗಳ ಮಾತು. ಎರಡೇ ವರ್ಷದಲ್ಲಿ, 1968ರಲ್ಲಿ, ಅವರೂ ಸಹೋದ್ಯೋಗಿಗಳೂ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು: ವೆಸ್ಟ್ ಇಂಡೀಸಿನ ಮೂವತ್ತು ವರ್ಷ ಮೀರಿದ ಅರವತ್ತು ರೋಗಿಗಳು, ಬಹುಮಟ್ಟಿಗೆ ಸೌಮ್ಯವಾದ ಕಾಯಿಲೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಇವರು ಬದುಕಿರಲೇ ಬಾರದಿತ್ತು. ಆಸ್ಪತ್ರೆಗೆ ಬರುವುದನ್ನು ಬಿಟ್ಟವರನ್ನು ‘ಸತ್ತಿರಬೇಕು’ ಎಂದು ಬದಿಗಿಡುವುದು ರೂಢಿ. ಸಾರ್ಜೆಂಟ್ ದಂಪತಿ ಅಂಥವರ ಮನೆಗಳನ್ನು ಹುಡುಕಿಕೊಂಡು ಹೋದರು. ಬಹಳ ಮಂದಿ ಆಸ್ಪತ್ರೆಗೆ ಬರದೆ ಇದ್ದದ್ದು ಮೈ ಹುಷಾರಾಗಿ ಇದ್ದುದರಿಂದ!

ಇದನ್ನು ಒಳ್ಳೆಯ ಸುದ್ದಿ ಎಂದಷ್ಟೇ ಓದುವವರು ಅದರ ಹರಿತವನ್ನು ತಪ್ಪಿಸಿಕೊಳ್ಳುತ್ತಾರೆ. ಅದುವರೆಗೆ ‘ಸಿಕಲ್ ಸೆಲ್ ಕಾಯಿಲೆ’ ಎಂದು ವರ್ಣಿಸಲಾಗಿದ್ದದ್ದು ಕಾಯಿಲೆಯನ್ನಲ್ಲ, ಆಸ್ಪತ್ರೆಯ ಬಾಗಿಲು ದಾಟಿ ಬಂದ ಕಾಯಿಲೆಯನ್ನು ಮಾತ್ರ ಎಂಬುದು ಆ ಲೇಖನದ ಒಳಗಿದ್ದ ಆರೋಪ. ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಹುಷಾರಾಗಿದ್ದವರು ಲೆಕ್ಕಕ್ಕೆ ಸಿಗದ ಹಾಗೆಯೇ, ರೋಗ ಗೊತ್ತಾಗುವ ಮೊದಲೇ ಸತ್ತ ಶಿಶುಗಳೂ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಎರಡೂ ತುದಿ ಕತ್ತರಿಸಿ ನಡುವೆ ಉಳಿದದ್ದನ್ನು ವೈದ್ಯಶಾಸ್ತ್ರ ಕಾಯಿಲೆ ಎಂದು ಕರೆಯುತ್ತಿತ್ತು.

ಇದಕ್ಕೆ ಪರಿಹಾರ ಒಂದೇ, ಹುಟ್ಟಿನಿಂದ ಲೆಕ್ಕ ಹಿಡಿಯುವುದು. 1973ರ ಜೂನ್‌ನಿಂದ 1981ರ ಡಿಸೆಂಬರ್‌ವರೆಗೆ ಕಿಂಗ್‌ಸ್ಟನ್‌ನ ವಿಕ್ಟೋರಿಯಾ ಜೂಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಲ್ಲಿ ಹುಟ್ಟಿದ ಒಂದು ಲಕ್ಷ ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ಎರಡೂ ಕಡೆಯಿಂದ ಸಿಕಲ್ ಜೀನ್ ಪಡೆದವರು ಮುನ್ನೂರಕ್ಕೆ ತುಸು ಹೆಚ್ಚು ಸಿಕ್ಕರು. ಇವರ ಜೊತೆಗೆ ಹೋಲಿಕೆಗೆಂದು ಸಾಮಾನ್ಯ ಹಿಮೋಗ್ಲೋಬಿನ್ನಿನ ಮಕ್ಕಳನ್ನೂ ಇಟ್ಟುಕೊಂಡು ವರ್ಷಗಟ್ಟಲೆ ಹಿಂಬಾಲಿಸಿದರು. ಮುನ್ನೂರು ಮಕ್ಕಳಿಗಾಗಿ ಒಂದು ಲಕ್ಷ ಪರೀಕ್ಷೆ! ನೊಬೆಲ್ ಸಮಿತಿಯ ಕಣ್ಣಿಗೆ ಬೀಳುವ ಬಗೆಯ ವಿಜ್ಞಾನವಲ್ಲ ಇದು. ಆದರೆ ಸಿಕಲ್ ಸೆಲ್ ಬಗ್ಗೆ ಯಾವ ತಿಂಗಳಲ್ಲಿ ಏನಾಗುತ್ತದೆ ಎಂದು ಇವತ್ತು ಜಗತ್ತಿಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಇಲ್ಲಿಂದ ಬಂದದ್ದು.

ಗುಲ್ಮದ ಪ್ರಕರಣವನ್ನೇ ನೋಡಿ. ಈ ಮಕ್ಕಳಲ್ಲಿ ಗುಲ್ಮ ಇದ್ದಕ್ಕಿದ್ದಂತೆ ಊದಿ ಮೈಯ ರಕ್ತವನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುವುದುಂಟು. ಹಿಮೋಗ್ಲೋಬಿನ್ ಗಂಟೆಗಳಲ್ಲಿ ಕುಸಿಯುತ್ತದೆ, ಮಗು ಬಿಳಿಚಿಕೊಳ್ಳುತ್ತದೆ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಳ್ಳುತ್ತದೆ. ಆರು ತಿಂಗಳಿಂದ ಎರಡು ವರ್ಷದ ಒಳಗೆ ಈ ಅಪಾಯ ಅತಿ ಹೆಚ್ಚು. ಹುಟ್ಟಿನಿಂದ ಹಿಂಬಾಲಿಸದ ಹೊರತು ಇದು ಎಷ್ಟು ದೊಡ್ಡ ಹಂತಕ ಎಂದು ಗೊತ್ತಾಗುವಂತಿರಲಿಲ್ಲ, ಸತ್ತ ಮಗುವನ್ನು ರಕ್ತಪರೀಕ್ಷೆಗೆ ಯಾರೂ ತರುವುದಿಲ್ಲವಲ್ಲ. ಜಮೈಕಾದ ತಂಡ ಇದಕ್ಕೆ ಹೊಸ ಔಷಧ ಕಂಡುಹಿಡಿಯಲಿಲ್ಲ. ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ಸಿಗುತ್ತದೆಯೇ ಎಂದು ನೋಡುವುದನ್ನು ತಾಯಂದಿರಿಗೆ ಕಲಿಸಿತು. ಊದಿದ್ದು ಕೈಗೆ ಸಿಕ್ಕರೆ ತಡಮಾಡದೆ ಬನ್ನಿ ಎಂದಿತು. 1985ರಲ್ಲಿ ಆಲನ್ ಎಮಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ವಿಚಿತ್ರವಾಗಿತ್ತು. ಅಧ್ಯಯನದ ಮೊದಲ ಅವಧಿಗೂ ಎರಡನೆಯ ಅವಧಿಗೂ ನಡುವೆ ಗುಲ್ಮದ ಆಘಾತಗಳ ಪ್ರಮಾಣ ಇಳಿಯುವ ಬದಲು ಏರಿತ್ತು, ನೂರು ರೋಗಿ-ವರ್ಷಕ್ಕೆ 4.6ರಿಂದ 11.3ಕ್ಕೆ. ಆದರೆ ನೂರು ಆಘಾತಗಳಲ್ಲಿ ಸಾವು 29.4ರಿಂದ 3.1ಕ್ಕೆ ಇಳಿದಿತ್ತು.

ಈ ಎರಡು ಸಾಲು ಅಂಕಿಗಳನ್ನು ಪೌಲಿಂಗ್ ಲೇಖನದ ಪಕ್ಕದಲ್ಲಿಟ್ಟು ಕಲಿಸಬೇಕು ಎನ್ನುವವನು ನಾನು. ಕಾಯಿಲೆ ಹೆಚ್ಚಿತೇ? ಇಲ್ಲ, ಮೊದಲು ಕಾಣದಿದ್ದದ್ದು ತಾಯಂದಿರ ಕೈಗೆ ಸಿಗತೊಡಗಿತು. ಅಣುವಿಗೆ ಏನೂ ಆಗಲಿಲ್ಲ, ಜೀನ್ ಇದ್ದಲ್ಲೇ ಇತ್ತು, ಮಕ್ಕಳು ಮಾತ್ರ ಉಳಿದರು. ಕಾಯಿಲೆಯ ತೀವ್ರತೆ ಅಣುವಿನೊಳಗೆ ಬರೆದಿಟ್ಟದ್ದಲ್ಲ, ಮಗುವಿಗೂ ಆಸ್ಪತ್ರೆಗೂ ನಡುವಿನ ದಾರಿಯಲ್ಲೂ ಅದು ತೀರ್ಮಾನವಾಗುತ್ತದೆ ಎಂದು ಇದಕ್ಕಿಂತ ಖಚಿತವಾಗಿ ಯಾರೂ ತೋರಿಸಿಲ್ಲ.

ಇದು ಸಾರ್ವಜನಿಕ ಆರೋಗ್ಯ, ವಿಜ್ಞಾನವಲ್ಲ ಎನ್ನುವ ಮೂಗುಮುರಿತ ನನಗೆ ಪರಿಚಿತ. ಅದಕ್ಕೆ ಉತ್ತರ ಅದೇ ಕಿಂಗ್‌ಸ್ಟನ್‌ನಲ್ಲಿದೆ. ಎಲುಬಿನ ಮಜ್ಜೆ ಇದ್ದಕ್ಕಿದ್ದಂತೆ ರಕ್ತಕಣ ತಯಾರಿಸುವುದನ್ನು ನಿಲ್ಲಿಸುವ ಅಪ್ಲಾಸ್ಟಿಕ್ ಬಿಕ್ಕಟ್ಟಿಗೆ ಫೋಲಿಕ್ ಆಮ್ಲದ ಕೊರತೆಯಂಥ ಕಾರಣಗಳನ್ನು ಹೇಳುತ್ತಿದ್ದರು. ಅಂಥ ಪ್ರಕರಣಗಳು ಗುಂಪುಗುಂಪಾಗಿ ಬರುತ್ತವೆ ಎಂದು ಕಂಡದ್ದರಿಂದ, ರಕ್ತದ ಮಾದರಿಗಳನ್ನು ಕೂಡಿಟ್ಟಿದ್ದರಿಂದ, 1981ರಲ್ಲಿ ಸಾರ್ಜೆಂಟ್ ತಂಡ ಅದರ ಹಿಂದೆ ಪಾರ್ವೊ ವೈರಸ್ ಇದೆಯೆಂದು ತೋರಿಸಿತು. ಲಂಡನ್ನಿನ ಜಾನ್ ಪ್ಯಾಟಿಸನ್ ತಂಡವೂ ಅದೇ ವರ್ಷ ಅದೇ ನಂಟನ್ನು ವರದಿ ಮಾಡಿತು. ನ್ಯುಮೊಕಾಕಸ್ ಸೋಂಕಿಗೆ ಮುಂಜಾಗ್ರತೆಯಾಗಿ ಪೆನ್ಸಿಲಿನ್ ಕೊಡುವ ಪ್ರಯೋಗವೂ ಜಮೈಕಾದಿಂದ 1984ರಲ್ಲೇ ಪ್ರಕಟವಾಗಿತ್ತು. ಸೋಂಕು ಶೇ. 84ರಷ್ಟು ತಗ್ಗಿತೆಂದು ತೋರಿಸಿ ನವಜಾತ ಶಿಶು ತಪಾಸಣೆಗೆ ದಾರಿ ಮಾಡಿದ ಮೆರಿಲಿನ್ ಗ್ಯಾಸ್ಟನ್ ಅವರ ಅಮೆರಿಕದ ಪ್ರಯೋಗ ಬಂದದ್ದು 1986ರಲ್ಲಿ.

ಪೌಲಿಂಗ್ ಪರ ವಾದಿಸುವವರ ಬಳಿ ಇದಕ್ಕಿಂತ ಗಟ್ಟಿಯಾದ ಒಂದು ಮಾತಿದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಸ್ ಇದೆಯೆಂದು ತಿಳಿಯಲು ಬೇಕಾದ ಎಲೆಕ್ಟ್ರೊಫೊರೆಸಿಸ್ ವಿಧಾನ 1949ರ ಆ ಲೇಖನದ ವಂಶದ್ದೇ. ಅದಿಲ್ಲದೆ ಒಂದು ಲಕ್ಷ ಮಕ್ಕಳಲ್ಲಿ ಮುನ್ನೂರನ್ನು ಹೆಕ್ಕುವುದು ಸಾಧ್ಯವಿತ್ತೇ? ಇಲ್ಲ, ಇದನ್ನು ಒಪ್ಪಲೇಬೇಕು. ಆದರೆ ಉಪಕರಣ ಕೊಟ್ಟದ್ದರಿಂದ ಪ್ರಶ್ನೆಯ ಒಡೆತನ ಬರುವುದಿಲ್ಲ. ಆ ಉಪಕರಣ ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇತ್ತು. ಅದನ್ನು ಹಿಡಿದು ಹೆರಿಗೆ ಕೋಣೆಯಲ್ಲಿ ಎಂಟು ವರ್ಷ ನಿಂತವರು ಎಷ್ಟು ಮಂದಿ?

ಇನ್ನು ಕತೆಯ ಮುಕುಟಮಣಿ, ಇಪ್ಪತ್ತೆರಡು ಲಕ್ಷ ಡಾಲರ್ ಬೆಲೆಯ ಕ್ಯಾಸ್‌ಜೆವಿ ಚಿಕಿತ್ಸೆ. ಜೀನಿನ ತಪ್ಪಕ್ಷರವನ್ನು ತಿದ್ದುವ ಚಿಕಿತ್ಸೆ ಎಂದು ಪತ್ರಿಕೆಗಳು ಬರೆದವು. ಅದು ಆ ಅಕ್ಷರವನ್ನು ಮುಟ್ಟುವುದೇ ಇಲ್ಲ. ಬಿಸಿಎಲ್11ಎ ಎಂಬ ಬೇರೊಂದು ಜೀನನ್ನು ರಕ್ತದ ಮೂಲಕೋಶಗಳಲ್ಲಿ ಅಡಗಿಸಿ, ಹುಟ್ಟಿದ ಮೇಲೆ ನಿಂತುಹೋಗುವ ಭ್ರೂಣ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುತ್ತದೆ. ಸಿಕಲ್ ಜೀನ್ ಇದ್ದ ಹಾಗೇ ಇರುತ್ತದೆ. ಭ್ರೂಣ ಹಿಮೋಗ್ಲೋಬಿನ್ ಕಾಯುತ್ತದೆ ಎಂಬ ಸುಳಿವು ಸಿಕ್ಕಿದ್ದು ಎಲ್ಲಿಂದ? ಪೌಲಿಂಗ್‌ಗಿಂತ ಒಂದು ವರ್ಷ ಮೊದಲು, 1948ರಲ್ಲಿ, ಈ ಜೀನ್ ಹೊತ್ತ ನವಜಾತ ಶಿಶುಗಳ ಕಣಗಳು ತಾಯಂದಿರ ಕಣಗಳಷ್ಟು ಬಾಗುವುದಿಲ್ಲ ಎಂದು ಗಮನಿಸಿದ ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆಯಿಂದ. 1972ರಲ್ಲಿ ಸೌದಿ ಅರೇಬಿಯಾದ ಪೂರ್ವಭಾಗದಿಂದ ಬಂದ ಸೌಮ್ಯ ಕಾಯಿಲೆಯ ವರದಿಯಿಂದ. ಮತ್ತು ನಮ್ಮ ಒಡಿಶಾದಿಂದ: ಬುರ್ಲಾದ ಬಿ.ಸಿ. ಕರ್ ಮತ್ತು ಸಾರ್ಜೆಂಟ್ ಸೇರಿ ಸಂಬಲ್‌ಪುರ ಸೀಮೆಯ ರೋಗಿಗಳನ್ನು ಜಮೈಕಾದವರ ಜೊತೆ ಹೋಲಿಸಿ 1986ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದ ಲೇಖನ. ಒಡಿಶಾದವರಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚು, ಆಲ್ಫಾ ಥಲಸೇಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದೋಷ ಹೆಚ್ಚು, ಗುಲ್ಮ ದೊಡ್ಡವರಾದ ಮೇಲೂ ಉಳಿದಿರುತ್ತದೆ, ಕಾಯಿಲೆ ಒಟ್ಟಿನಲ್ಲಿ ಮೆದು. ಏಷ್ಯಾದಲ್ಲಿ ಈ ರೂಪಾಂತರ ಆಫ್ರಿಕದ್ದಲ್ಲ, ಪ್ರತ್ಯೇಕವಾಗಿ ಹುಟ್ಟಿದ್ದು ಎಂಬ ಆಂಡ್ರಿಯಾಸ್ ಕುಲೋಜಿಕ್ ಮುಂತಾದವರ ಡಿಎನ್‌ಎ ಪುರಾವೆಯೂ ಅದೇ ವರ್ಷದ್ದು. ಹೀಗೆ, ಅಣುವಿನ ಕತೆಯ ಅತ್ಯಂತ ದುಬಾರಿ ಅಧ್ಯಾಯ ಮಾಡುತ್ತಿರುವುದು ಸಂಬಲ್‌ಪುರದ ರೈತನೊಬ್ಬನ ಮೈ ತಾನಾಗಿ ಮಾಡುತ್ತಿದ್ದದ್ದರ ಅನುಕರಣೆ.

ಕಾಯಿಲೆ ಅಣುವಿನೊಳಗಿದೆ ಎಂದು ನಂಬಿದವನಿಗೆ ಮುಂದಿನ ಹೆಜ್ಜೆ ಯಾವುದು? ಆ ಅಣುವನ್ನು ಹೊತ್ತವರು ಹೆರದಂತೆ ನೋಡಿಕೊಳ್ಳುವುದು. ಇದು ನನ್ನ ಕುಹಕವಲ್ಲ. ಸಿಕಲ್ ಜೀನ್ ಇರುವ ತರುಣ ತರುಣಿಯರ ಹಣೆಯ ಮೇಲೆ ಹಚ್ಚೆ ಹಾಕಬೇಕು, ಆಗ ಇಬ್ಬರು ವಾಹಕರು ಪರಸ್ಪರ ಗುರುತಿಸಿ ಪ್ರೀತಿಗೆ ಬೀಳದೆ ಉಳಿಯುತ್ತಾರೆ ಎಂದು 1968ರಲ್ಲಿ ಕಾನೂನು ಪತ್ರಿಕೆಯೊಂದರಲ್ಲಿ ಬರೆದವರು ಸ್ವತಃ ಪೌಲಿಂಗ್. ಶಾಂತಿಗಾಗಿ ಎರಡನೆಯ ನೊಬೆಲ್ ಪಡೆದ ಮಹಾನುಭಾವ! ಚರಿತ್ರಕಾರರು ಇದನ್ನು ಒಂದು ವಿಕ್ಷಿಪ್ತತೆ ಎಂದು ಸರಿಸಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1949ರ ತೀರ್ಮಾನವನ್ನು ಸಮಾಜಕ್ಕೆ ನೆಟ್ಟಗೆ ಅನ್ವಯಿಸಿದರೆ ಬರುವುದು ಅದೇ. ಎಪ್ಪತ್ತರ ದಶಕದ ಅಮೆರಿಕದಲ್ಲಿ ಕಾಯಿಲೆಯೇ ಇಲ್ಲದ ವಾಹಕರಿಗೆ ಕೆಲಸ, ವಿಮೆ ಸಿಗದೆ ಹೋದದ್ದು, ವಾಯುಪಡೆಯ ಅಕಾಡೆಮಿ ಅವರನ್ನು ಹೊರಗಿಟ್ಟದ್ದು ಇದೇ ತರ್ಕದ ಸೌಮ್ಯ ರೂಪಗಳು.

ಈ ತರ್ಕ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಹಳೆಯದೇ. ವಾಹಕರ ಸಂಖ್ಯೆ ಬಹಳ ಹೆಚ್ಚಿದ್ದ ಗ್ರೀಸಿನ ಓರ್ಖೊಮೆನೋಸ್ ಎಂಬ ಊರಿನಲ್ಲಿ ಜಾರ್ಜ್ ಸ್ಟಾಮಟೊಯನ್ನೊಪೌಲೋಸ್ ಎಲ್ಲರ ರಕ್ತ ಪರೀಕ್ಷಿಸಿ, ಮದುವೆಗೆ ಮುಂಚೆ ತಿಳಿದಿರಲಿ ಎಂದು ಸಲಹೆ ಕೊಟ್ಟರು. ಕೆಲವು ವರ್ಷ ಬಿಟ್ಟು ನೋಡಿದರೆ ಜನ ತಮ್ಮ ಫಲಿತಾಂಶ ಮುಚ್ಚಿಡುತ್ತಿದ್ದರು, ವಾಹಕ ಹುಡುಗಿಯರಿಗೆ ಗಂಡು ಸಿಗುವುದು ಕಷ್ಟವಾಗಿತ್ತು, ವಾಹಕರ ನಡುವಿನ ಮದುವೆಗಳು ಮಾತ್ರ ಮೊದಲಿನಷ್ಟೇ ನಡೆದಿದ್ದವು.

ಇದನ್ನೆಲ್ಲ ಮನಸ್ಸಿನಲ್ಲಿಟ್ಟು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯನ್ನು ನೋಡಬೇಕು. ಕರ್ನಾಟಕವೂ ಸೇರಿ ಹದಿನೇಳು ರಾಜ್ಯ, ನಲವತ್ತು ವರ್ಷದ ಒಳಗಿನ ಏಳು ಕೋಟಿ ಜನರ ತಪಾಸಣೆ, ಪ್ರತಿಯೊಬ್ಬರಿಗೂ ಜೀನ್ ಸ್ಥಿತಿ ತಿಳಿಸುವ ಒಂದು ಕಾರ್ಡ್, 2047ರ ಗಡುವು. ಔಷಧ, ಆರೈಕೆಯ ಮಾತು ಕಡತದಲ್ಲಿಲ್ಲ ಎಂದಲ್ಲ. ಆದರೆ ಹೆಸರಲ್ಲಿ ನಿರ್ಮೂಲನೆ ಇದೆ, ಹೆಮ್ಮೆಯಿಂದ ಸಾರುವ ಅಂಕಿ ತಪಾಸಣೆಯದು, ಕೈಗೆ ಕೊಡುವ ವಸ್ತು ಕಾರ್ಡು. ಹಣೆಯ ಹಚ್ಚೆ ಜೇಬಿಗೆ ಇಳಿದಿದೆ ಎಂದರೆ ಕಟುವಾದೀತು, ಸುಳ್ಳಾಗದು. ನಲವತ್ತರ ಒಳಗಿನವರನ್ನೆಲ್ಲ ಸಾಲು ನಿಲ್ಲಿಸಿದರೆ ಸಿಗುವುದು ಬದುಕಿ ಉಳಿದವರು. ಹತ್ತು ತಿಂಗಳಿಗೆ ಜ್ವರ ಬಂದು ಹೋದ ಮಗು ಯಾವ ಶಿಬಿರಕ್ಕೂ ಬರುವುದಿಲ್ಲ. 1966ರ ಪಠ್ಯಪುಸ್ತಕ ಮಾಡಿದ ತಪ್ಪನ್ನೇ ಏಳು ಕೋಟಿಯ ಮಟ್ಟಕ್ಕೆ ಹಿಗ್ಗಿಸಿದ ಹಾಗಾಯಿತು.

ಇಲ್ಲಿ ಸಾರ್ಜೆಂಟ್ ಅವರನ್ನು ನಮ್ಮ ಪರ ಸಾಕ್ಷಿಯಾಗಿ ಕರೆಯೋಣವೆಂದರೆ ಅವರೂ ಪೂರ್ತಿ ಒದಗುವುದಿಲ್ಲ. ಜಮೈಕಾದ ಮ್ಯಾಂಚೆಸ್ಟರ್ ಪ್ರಾಂತ್ಯದಲ್ಲಿ 2007ರಿಂದ ಹೈಸ್ಕೂಲು ಮಕ್ಕಳ ರಕ್ತ ಪರೀಕ್ಷಿಸಿ ಕಾರ್ಡು ಹಂಚಿದ ಯೋಜನೆ ಅವರದೇ. ಅದಕ್ಕಿಂತ ದೊಡ್ಡ ತೊಡಕು ‘ಭಾರತದ ಕಾಯಿಲೆ ಮೆದು’ ಎಂಬ ಅವರ ಮಾತು. ಒಡಿಶಾದ ಅಧ್ಯಯನದಲ್ಲಿದ್ದವರು ಆಸ್ಪತ್ರೆಗೆ ಬಂದ ರೋಗಿಗಳು. ಬಾಗಿಲಿಗೆ ಬಂದವರನ್ನು ನೋಡಿ ಕಾಯಿಲೆಯನ್ನು ವರ್ಣಿಸಬೇಡಿ ಎಂದು ಜಗತ್ತಿಗೆ ಕಲಿಸಿದವರು, ಭಾರತದಲ್ಲಿ ಬಾಗಿಲಿಗೆ ಬಂದವರನ್ನೇ ನೋಡಿ ವರ್ಣಿಸಿದರು. ಜಮೈಕಾದ ಕೊಹಾರ್ಟ್‌ನ ಜೊತೆ ಹೋಲಿಸಲು ನಮ್ಮಲ್ಲಿ ಕೊಹಾರ್ಟ್, ಅಂದರೆ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳ ಗುಂಪು, ಇರಲಿಲ್ಲ. ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿರುವುದು ನಿಜ, ಅದರಿಂದ ಲಾಭವಿರುವುದೂ ನಿಜ. ಆದರೆ ಮೆದುವಾದ ಕಾಯಿಲೆ ಇರುವವರು ಬದುಕಿ ಬಂದರೋ, ಬದುಕಿ ಬಂದವರನ್ನು ನೋಡಿದ್ದಕ್ಕೆ ಕಾಯಿಲೆ ಮೆದುವಾಗಿ ಕಂಡಿತೋ ಎಂಬುದನ್ನು ಆ ದತ್ತಾಂಶದಿಂದ ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಆಮೇಲೆ ನಾಗಪುರದಲ್ಲೂ ದಕ್ಷಿಣ ಗುಜರಾತಿನಲ್ಲೂ ನವಜಾತ ಶಿಶುಗಳನ್ನು ಪರೀಕ್ಷಿಸಿ ಹಿಂಬಾಲಿಸಿದವರು ಕಂಡದ್ದು ಬೇರೆ. ಅದೇ ಏಷ್ಯಾದ ಜೀನ್, ಅದೇ ಹೆಚ್ಚಿನ ಭ್ರೂಣ ಹಿಮೋಗ್ಲೋಬಿನ್, ಆದರೂ ಎಳೆಯ ಮಕ್ಕಳಲ್ಲಿ ತೀವ್ರ ನೋವು, ಸೋಂಕು, ರಕ್ತ ಕೊಡಬೇಕಾದ ಸಂದರ್ಭ, ಕೆಲವು ಸಾವು.

ಪರದೇಶದ ಚಿಕಿತ್ಸಾಕ್ರಮವನ್ನು ಕಣ್ಣುಮುಚ್ಚಿ ತರಬೇಡಿ, ಭಾರತದ ಪುರಾವೆ ಭಾರತದಲ್ಲೇ ಹುಡುಕಿ ಎಂಬ ಸಾರ್ಜೆಂಟ್ ಅವರ ಸಲಹೆ ಸರಿಯಾದದ್ದೇ. ಅದನ್ನು ಕೇಳಿಸಿಕೊಂಡವರು ಮಾತ್ರ ಅರ್ಧ ಕೇಳಿಸಿಕೊಂಡರು: ತರಬೇಡಿ ಎಂಬುದು ನಾಟಿತು, ಹುಡುಕಿ ಎಂಬುದು ಜಾರಿತು. ಪೆನ್ಸಿಲಿನ್ನನ್ನೇ ತೆಗೆದುಕೊಳ್ಳಿ. ಭಾರತದ ಮಕ್ಕಳಲ್ಲಿ ಗುಲ್ಮ ಉಳಿದಿರುತ್ತದೆ, ನ್ಯುಮೊಕಾಕಸ್ ಸಾವುಗಳ ದಾಖಲೆ ಕಡಿಮೆ, ಆದ್ದರಿಂದ ಮುಂಜಾಗ್ರತೆಯ ಪೆನ್ಸಿಲಿನ್ ಅಷ್ಟು ಅಗತ್ಯವಿಲ್ಲ ಎಂಬ ವಾದವಿದೆ. ಶಿಶುಗಳನ್ನು ಹುಟ್ಟಿನಿಂದ ಹಿಂಬಾಲಿಸದ ನಾಡಿನಲ್ಲಿ ದಾಖಲೆ ಕಡಿಮೆ ಇರುವುದು ಯಾವುದಕ್ಕೂ ಪುರಾವೆಯಲ್ಲ. ಉಳಿದಿರುವ ಗುಲ್ಮ ಕೆಲಸ ಮಾಡುವ ಗುಲ್ಮವೇ ಆಗಿರಬೇಕೆಂದೂ ಇಲ್ಲ. ಎರಡೂ ಕಡೆ ಅನುಮಾನ ಇರುವಾಗ ಅಗ್ಗದ, ಹಳೆಯ, ಬಾಯಿಗೆ ಹಾಕುವ ಔಷಧವನ್ನು ತಡೆಹಿಡಿಯುವ ಕಡೆಗೆ ತಕ್ಕಡಿ ವಾಲಬೇಕೇಕೆ?

ನಮ್ಮ ಗಡಿಯ ಆಚೆಗಿನ ನೀಲಗಿರಿಯಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಷ್ ಸಿಕಲ್ ಜೀನನ್ನು ಗುರುತಿಸಿ ವರದಿ ಮಾಡಿದ್ದು 1952ರಲ್ಲಿ. ಈಚೆಗಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಅದು ಇದೆಯೆಂದು ತೋರಿಸಿದವರು ಅಲ್ಲಿನ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು. ಹಾಗಾಗಿ ಚಾಮರಾಜನಗರಕ್ಕೂ ಎಚ್.ಡಿ. ಕೋಟೆಗೂ ಇದು ಹೊಸ ಕಾಯಿಲೆಯಲ್ಲ, ಶಿಬಿರಗಳೂ ಹೊಸವಲ್ಲ. ಅಲ್ಲಿ ಬೇಕಾಗಿರುವುದು ಹೆರಿಗೆಯಾದ ಕೂಡಲೇ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ, ಫಲಿತಾಂಶ ಬಂದ ಮೇಲೆ ಹಾಡಿಗೆ ಹೋಗಿ ತಾಯಿಗೆ ಗುಲ್ಮ ಮುಟ್ಟಿ ನೋಡುವುದನ್ನು ಕಲಿಸುವ ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಸಿಗುವ ರಕ್ತ, ಪೆನ್ಸಿಲಿನ್ ಮತ್ತು ಲಸಿಕೆ. ಐದು ವರ್ಷ ಹೀಗೆ ನಡೆಸಿದರೆ ಸೋಲಿಗರ, ಜೇನುಕುರುಬರ ಮಕ್ಕಳಲ್ಲಿ ಈ ಕಾಯಿಲೆ ಮೆದುವೋ ಅಲ್ಲವೋ ಎಂಬುದಕ್ಕೆ ಸಂಬಲ್‌ಪುರವನ್ನೂ ಕಿಂಗ್‌ಸ್ಟನ್ನನ್ನೂ ಕೇಳಬೇಕಾಗುವುದಿಲ್ಲ. ತಪಾಸಣೆಯ ಅಂಕಿಗಳ ಪಕ್ಕದಲ್ಲಿ, ಸಿಕಲ್ ಸೆಲ್ ಇದೆಯೆಂದು ಹುಟ್ಟುವಾಗಲೇ ಗೊತ್ತಾದ ಮಕ್ಕಳೆಷ್ಟು, ಅವರಲ್ಲಿ ಎರಡು ವರ್ಷ ದಾಟಿದವರೆಷ್ಟು ಎಂದು ಯೋಜನೆಯವರು ಪ್ರತಿವರ್ಷ ಪ್ರಕಟಿಸತೊಡಗಿದರೆ, 2047ರ ಗಡುವಿನ ಬಗ್ಗೆ ಆಗ ಮಾತಾಡಬಹುದು.